ವ್ಯಾಕರಣವೂ ಹೊಲದ ಬದುವೂ

(ಅಂತಿಮ ಬಿ.ಎ. ವಿದ್ಯಾರ್ಥಿನಿಯೊಬ್ಬಳು)

ವ್ಯಾಕರಣವೆಂಬ ಹೆಸರನ್ನು ಕೇಳಿದೊಡನೆ ನಮ್ಮ ತರಗತಿಯಲ್ಲಿ ಏಳುವ ನಿಟ್ಟುಸಿರು ಅಧ್ಯಾಪಕರಿಗೆ ಅಪರಿಚಿತವಲ್ಲ. ಲೋಪ, ಆಗಮ, ಆದೇಶಗಳನ್ನು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಪರೀಕ್ಷೆಯ ಮರುದಿನ ಮರೆತುಬಿಡುವುದು ನಮ್ಮಲ್ಲಿ ಬಹುಮಂದಿಯ ರೂಢಿ. ‘ಮಾತನಾಡಿದರೆ ಅರ್ಥವಾಗುತ್ತದೆ, ಅರ್ಥವಾದ ಮೇಲೆ ವಿಭಕ್ತಿಯ ಗೊಡವೆ ಏತಕ್ಕೆ?’ ಎಂದು ಕೇಳುವ ಗೆಳತಿಯರು ನನಗೆ ಅನೇಕರಿದ್ದಾರೆ. ನಾನೂ ಒಂದು ಕಾಲದಲ್ಲಿ ಹಾಗೆಯೇ ಕೇಳುತ್ತಿದ್ದವಳು. ಆ ಪ್ರಶ್ನೆಗೆ ಉತ್ತರವನ್ನು ನನಗೆ ಕಲಿಸಿದ್ದು ಪಠ್ಯಪುಸ್ತಕವಲ್ಲ, ನಮ್ಮ ಹೊಲದ ಬದು. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಅರಸೀಕೆರೆಯೆಂದರೆ ಹೊರಗಿನವರು ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ನೆಂದು ತಿಳಿಯುತ್ತಾರೆ. ನಮ್ಮದು ಬೇರೆ, ಹರಪನಹಳ್ಳಿ ತಾಲ್ಲೂಕಿನ ಹೋಬಳಿಯ ಊರು, ಉಚ್ಚಂಗಿದುರ್ಗದ ಕಡೆಯದು. ಇಲ್ಲಿ ನಮಗೆ ಸ್ವಲ್ಪ ಒಣಭೂಮಿಯಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಅಪ್ಪನದು ಹೆಬ್ಬೆಟ್ಟು, ಅವ್ವ ತನ್ನ ಹೆಸರನ್ನು ಮಾತ್ರ ಬರೆಯಬಲ್ಲಳು. ಆದಕಾರಣ ನಾನು ಹೈಸ್ಕೂಲು ಸೇರಿದಂದಿನಿಂದ ಮನೆಯ ಕಾಗದಪತ್ರಗಳೆಲ್ಲ ನನ್ನ ಕೈಯಲ್ಲೇ. ಗ್ಯಾಸಿನ ಅರ್ಜಿ, ಬ್ಯಾಂಕಿನ ಚೀಟಿ, ಬೆಳೆವಿಮೆಯ ಫಾರಂ, ಎಲ್ಲವನ್ನೂ ನಾನೇ ತುಂಬುತ್ತಿದ್ದೆ. ಓಣಿಯವರೂ ಬರುತ್ತಿದ್ದರು. ಅದರಿಂದ ನನಗೆ ಸ್ವಲ್ಪ ಜಂಬವೂ ಬಂದಿತ್ತೆಂದು ಒಪ್ಪಿಕೊಳ್ಳಲೇಬೇಕು.

ನಾನು ಮೊದಲ ವರ್ಷದ ಪಿ.ಯು.ಸಿ.ಯಲ್ಲಿದ್ದಾಗ ಪಕ್ಕದ ಹೊಲದವರು ಬದುವನ್ನು ನಮ್ಮ ಕಡೆಗೆ ಸರಿಸಿ ಉತ್ತುಬಿಟ್ಟರು. ಊರ ವರಸೆಯಲ್ಲಿ ಅವರು ನನಗೆ ಮಾವನಾಗಬೇಕು. ಅಪ್ಪನ ಲೆಕ್ಕದಲ್ಲಿ ಹೋದದ್ದು ಐದು ಸೆಂಟು. ಹದ್ದುಬಸ್ತಿಗೆ ಅರ್ಜಿ ಹಾಕುವುದೆಂದು ತೀರ್ಮಾನವಾಯಿತು. ನಾನು ಒಂದೇ ಉಸಿರಿನಲ್ಲಿ ಹೀಗೆ ಬರೆದೆ: ‘ಪಕ್ಕದ ಹೊಲದವರ ಒತ್ತುವರಿ ಮಾಡಿದ ಐದು ಸೆಂಟು ಜಾಗವನ್ನು ಅಳತೆ ಮಾಡಿಸಿ ಹದ್ದುಬಸ್ತು ಮಾಡಿಕೊಡಬೇಕೆಂದು ಕೋರುತ್ತೇವೆ.’ ಅಪ್ಪನಿಗೆ ಓದಿ ಹೇಳಿದೆ. ಓದುವಾಗ ನನ್ನ ಬಾಯಿಯಲ್ಲಿ ಅದು ಸರಿಯಾಗಿಯೇ ಬಂತು. ‘ನೀ ಬರದಿ ಅಂದ್ರ ಮುಗೀತು, ಬಿಡವ್ವ’ ಎಂದು ಅಪ್ಪ ಹೆಬ್ಬೆಟ್ಟು ಒತ್ತಿದ.

ವಾಚಕರು ಆ ವಾಕ್ಯವನ್ನು ಇನ್ನೊಮ್ಮೆ ನೋಡಬೇಕು. ನಾನು ಹೇಳಬೇಕೆಂದದ್ದು ‘ಹೊಲದವರು ಒತ್ತುವರಿ ಮಾಡಿದ ಜಾಗ’. ಬರೆದದ್ದು ‘ಹೊಲದವರ ಒತ್ತುವರಿ ಮಾಡಿದ ಜಾಗ’. ನಮ್ಮ ಕಡೆಯ ಮಾತಿನಲ್ಲಿ ಪದದ ಕೊನೆಯ ಉಕಾರ ಎಷ್ಟೋ ವೇಳೆ ಅಕಾರದಂತೆ ಕೇಳುತ್ತದೆ, ಇಲ್ಲವೆ ಕೇಳಿಸುವುದೇ ಇಲ್ಲ. ಕಿವಿಯ ಆ ರೂಢಿ ಕೈಗೆ ಇಳಿದು, ರಕಾರಕ್ಕೆ ಕೊಂಬು ಬೀಳಲಿಲ್ಲ. ಅಷ್ಟೇ ಆದದ್ದು. ಆದರೆ ಕೊಂಬು ಹೋದೊಡನೆ ಪ್ರಥಮಾ ವಿಭಕ್ತಿ ಷಷ್ಠಿಯಾಯಿತು, ಒತ್ತಿದವರು ಒತ್ತಿಸಿಕೊಂಡವರಾದರು, ಜಾಗ ಅವರದಾಯಿತು. ಹಾಗಾದರೆ ಒತ್ತಿದವರು ಯಾರು? ವಾಕ್ಯದಲ್ಲಿ ಉಳಿದದ್ದು ‘ಕೋರುತ್ತೇವೆ’ ಎಂಬ ಕ್ರಿಯಾಪದದೊಳಗಿನ ನಾವು! ನಮ್ಮ ಕೈಯಾರೆ, ಅಪ್ಪನ ಹೆಬ್ಬೆಟ್ಟಿನ ಸಾಕ್ಷಿಯೊಡನೆ, ‘ನಾವು ಅವರ ಐದು ಸೆಂಟನ್ನು ಒತ್ತಿದ್ದೇವೆ, ಅಳೆದು ನೋಡಿರಿ’ ಎಂದು ಬರೆದುಕೊಟ್ಟಂತಾಗಿತ್ತು.

ಕಚೇರಿಯಲ್ಲಿ ಅದನ್ನು ಓದಿದವರು ಅಪ್ಪನನ್ನು ನೋಡಿ ನಕ್ಕರಂತೆ. ನಗುವಿನಲ್ಲೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಅಳತೆಯ ವಿಷಯ ಮಾವನವರ ಕಿವಿಗೂ ಬಿದ್ದು, ಅವರು ಅರ್ಜಿಯ ನಕಲನ್ನು ಪಡೆದು ಹಿರಿಯರ ಮುಂದೆ ಕಟ್ಟೆಯ ಮೇಲೆ ಹಿಡಿದರು. ‘ಇವರ ಮಗಳ ಬರದಾಳ, ಓದ್ರಿ’ ಎಂದರು. ಓದಬಲ್ಲವರು ಓದಿದರು. ಅಪ್ಪ ಓದಲಾರ, ನನ್ನ ಮುಖ ನೋಡಿದ. ಆ ಅರ್ಜಿಯನ್ನು ಹಿಂದಕ್ಕೆ ಪಡೆದು ಬೇರೆ ಅರ್ಜಿ ಕೊಡುವಷ್ಟರಲ್ಲಿ ಬಿತ್ತನೆಯ ಹದ ಬಂತು, ಹೋಯಿತು. ಆ ವರ್ಷ ಆ ಪಟ್ಟಿಯಲ್ಲಿ ಮೆಕ್ಕೆಜೋಳ ಬೆಳೆದವರು ಮಾವನವರೇ. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಲೋಪವೇನೋ ಆಯಿತು, ಆದರೆ ಸಂಧಿಯಾಗಲಿಲ್ಲ, ವಿಗ್ರಹವೇ ಆಯಿತು.

ಇದು ಕೇವಲ ಕಾಗುಣಿತದ ತಪ್ಪಲ್ಲವೆ, ವ್ಯಾಕರಣವನ್ನು ಏಕೆ ಎಳೆತರುತ್ತೀ ಎಂದು ಕೆಲವರು ಕೇಳಬಹುದು. ಬೇರೆ ಪದದಲ್ಲಿ ಕೊಂಬು ಬಿಟ್ಟಿದ್ದರೆ ಓದುವವರು ತಾವೇ ತಿದ್ದಿಕೊಂಡು ಮುಂದೆ ಹೋಗುತ್ತಿದ್ದರು. ಇಲ್ಲಿ ತಿದ್ದಿಕೊಳ್ಳಲಾಗಲಿಲ್ಲ, ಏಕೆಂದರೆ ತಪ್ಪಿದ ವಾಕ್ಯವೂ ಸರಿಯಾದ ವಾಕ್ಯವೇ ಆಗಿತ್ತು. ಅದಕ್ಕೆ ಕಾರಣ ಕನ್ನಡದ ಒಂದು ವಿಶಿಷ್ಟ ಗುಣ. ‘ಓದಿದ ಹುಡುಗಿ’, ‘ಓದಿದ ಪುಸ್ತಕ’, ‘ಓದಿದ ಶಾಲೆ’ ಎಂಬ ಮೂರು ಮಾತುಗಳನ್ನು ನೋಡಿ. ಹುಡುಗಿ ಓದಿದವಳು, ಪುಸ್ತಕ ಓದಲ್ಪಟ್ಟದ್ದು, ಶಾಲೆ ಓದು ನಡೆದ ಸ್ಥಳ. ಮೂರಕ್ಕೂ ‘ಓದಿದ’ ಎಂಬ ಒಂದೇ ಕೃದಂತ. ಇಂಗ್ಲಿಷಿನವರು ಇಂಥ ಕಡೆಯಲ್ಲಿ ಬೇರೆ ಬೇರೆ ಸಂಬಂಧಪದಗಳನ್ನಿಟ್ಟು ಕರ್ತೃ ಯಾವುದು, ಕರ್ಮ ಯಾವುದು, ಸ್ಥಳ ಯಾವುದು ಎಂದು ತೋರಿಸುತ್ತಾರೆ. ನಮ್ಮ ಕೃದಂತ ಅದಾವುದನ್ನೂ ಹೇಳದು. ಆ ಭಾರವೆಲ್ಲ ಅದರ ಹಿಂದಿರುವ ನಾಮಪದಗಳ ವಿಭಕ್ತಿಯ ಮೇಲೆ ಬೀಳುತ್ತದೆ. ‘ಹುಲಿ ಕೊಂದ ಬೇಟೆಗಾರ’ ಎಂದು ಬರೆದರೆ ಸತ್ತವರು ಯಾರೆಂದು ಹೇಳುವುದು ಕಷ್ಟ. ‘ಹುಲಿಯನ್ನು ಕೊಂದ ಬೇಟೆಗಾರ’ ಎಂದರೆ ‘ಅನ್ನು’ ಎಂಬ ಪ್ರತ್ಯಯ ಆ ಬೇಟೆಗಾರನ ಪ್ರಾಣ ಉಳಿಸುತ್ತದೆ. ‘ಸಾಲ ಕೊಟ್ಟ ಮನುಷ್ಯ’ ಕೊಟ್ಟವನೋ ಇಸಿದುಕೊಂಡವನೋ? ‘ನಾನು ಸಾಲ ಕೊಟ್ಟ ಮನುಷ್ಯ’ ಒಬ್ಬ, ‘ನನಗೆ ಸಾಲ ಕೊಟ್ಟ ಮನುಷ್ಯ’ ಇನ್ನೊಬ್ಬ. ಪತ್ರ ಕೋರ್ಟಿಗೆ ಹೋದರೆ ಇಬ್ಬರಿಗೂ ಇರುವ ಅಂತರ ಆ ಪ್ರತ್ಯಯದಷ್ಟೇ.

ಮಾತಿನಲ್ಲಿ ಈ ತೊಂದರೆ ಅಷ್ಟಾಗಿ ಬಾರದು. ಮಾತನಾಡುವಾಗ ಬೆರಳು ತೋರಿಸುತ್ತೇವೆ, ದನಿ ಏರಿಸುತ್ತೇವೆ. ಕೇಳುವವರಿಗೆ ತಿಳಿಯದಿದ್ದರೆ ‘ಯಾರು?’ ಎಂದು ಕೇಳುತ್ತಾರೆ. ಕಾಗದದ ಬಳಿ ನಾವಿರುವುದಿಲ್ಲ. ನಮ್ಮ ಪರವಾಗಿ ಅಲ್ಲಿರುವುದು ಪ್ರತ್ಯಯಗಳು ಮಾತ್ರ.

ನಮ್ಮ ಸೀಮೆಯ ರೈತನಿಗೆ ಕಾಗದದ ಸಹವಾಸ ಇಂದು ನಿನ್ನೆಯದಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ, ಥಾಮಸ್ ಮನ್ರೋ ಇಲ್ಲಿನ ಪ್ರಧಾನ ಕಲೆಕ್ಟರಾಗಿ ಬಂದು ಹೊಲಹೊಲವನ್ನೂ ಅಳೆಯಿಸಿದನು. ಪ್ರತಿ ರೈತನ ಮೇಲೂ ನೇರವಾಗಿ ಕಂದಾಯ ಗೊತ್ತು ಮಾಡುವ ರೈತವಾರಿ ಪದ್ಧತಿ ಬೇರೂರಿದ ನೆಲ ಇದು. 1953ರ ಅಕ್ಟೋಬರ್ 1ರಂದು ನಾವು ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆವು. ಹಳೆಯ ಮೈಸೂರಿನವರು ಗುಂಟೆಯಲ್ಲಿ ಅಳೆದರೆ ನಾವು ಇಂದಿಗೂ ಸೆಂಟಿನಲ್ಲಿ ಅಳೆಯುವುದು ಆ ಮದರಾಸಿನ ಕಾಲದ ಗುರುತು. 1963ರ ಆಡಳಿತ ಭಾಷಾ ಕಾಯಿದೆಯಿಂದ ಕನ್ನಡವೇ ಕಚೇರಿಯ ಭಾಷೆಯಾಯಿತು. ಇನ್ನು ನಮ್ಮ ತಾಲ್ಲೂಕಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಎರಡು ದಶಕ ಅಲ್ಲಿದ್ದು, ಮರಳಿ ಬಳ್ಳಾರಿಗೆ ಸೇರಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಅರ್ಜಿಯ ತಲೆಬರಹದಲ್ಲಿ ಜಿಲ್ಲೆಯ ಹೆಸರು ಬದಲಾದಷ್ಟು ಸಲ ನಮ್ಮ ಮನೆಯ ಹಂಚು ಬದಲಾಗಿಲ್ಲ! ಈಗ ‘ಭೂಮಿ’ ಯೋಜನೆಯ ಪಹಣಿ ಕಂಪ್ಯೂಟರಿನಲ್ಲಿ ಬರುತ್ತದೆ. 9ನೆಯ ಕಾಲಮಿನಲ್ಲಿ ಒಡೆಯನ ಹೆಸರು, ಮುಂದೆ ವಿಸ್ತೀರ್ಣ. ಅಲ್ಲಿ ವ್ಯಾಕರಣಕ್ಕೆ ಕೆಲಸವಿಲ್ಲ, ಹೆಸರು ಮತ್ತು ಅಂಕಿಯಿದ್ದರೆ ಸಾಕು. ಆದರೆ ಆ ಕಾಲಮಿನಲ್ಲಿ ತಪ್ಪಿದ್ದರೆ ತಿದ್ದಿಸಲು ಬರೆಯುವುದು ವಾಕ್ಯವನ್ನೇ.

ಕ್ರಯಪತ್ರದ ಚಕ್ಕುಬಂದಿಯನ್ನು ನೋಡಿರುವವರಿಗೆ ಇದು ಚೆನ್ನಾಗಿ ತಿಳಿದಿರುತ್ತದೆ. ‘ಜಮೀನಿನ ಪೂರ್ವಕ್ಕೆ ಹಳ್ಳ’ ಎಂದು ಬರೆಯುವುದಕ್ಕೂ ‘ಹಳ್ಳದ ಪೂರ್ವಕ್ಕೆ ಜಮೀನು’ ಎಂದು ಬರೆಯುವುದಕ್ಕೂ ಪದಗಳು ಅವೇ, ದಿಕ್ಕೂ ಅದೇ. ಷಷ್ಠಿಯ ಪ್ರತ್ಯಯವೊಂದು ಈ ಪದದಿಂದ ಆ ಪದಕ್ಕೆ ಜಿಗಿದರೆ ಹೊಲ ಹಳ್ಳದ ಆಚೆ ದಡಕ್ಕೆ ಹೋಗಿಬಿಡುತ್ತದೆ. ಹಿಂದಿನವರು ಈ ವಿಷಯದಲ್ಲಿ ಬಹಳ ಎಚ್ಚರದಿಂದಿದ್ದರು. ಹರಪನಹಳ್ಳಿಗೆ ಸಮೀಪದ ಬಾಗಳಿಯಲ್ಲಿ 10ನೆಯ ಶತಮಾನದಷ್ಟು ಹಿಂದಿನ ಕಲ್ಲೇಶ್ವರ ದೇವಾಲಯವಿದೆ, ಅಲ್ಲಿ ಶಾಸನಗಳಿವೆ. ಕನ್ನಡ ನಾಡಿನ ಇಂಥ ದಾನಶಾಸನಗಳಲ್ಲಿ ಕೊಟ್ಟವರು ಯಾರು, ಯಾರಿಗೆ, ಯಾವ ನೆಲ, ಅದರ ಎಲ್ಲೆ ಯಾವುದು ಎಂಬುದನ್ನು ಬಿಡಿಸಿ ಕೆತ್ತುವುದು ಪದ್ಧತಿ. ಕಲ್ಲಿನ ಮೇಲೆ ಬರೆಯುವವನಿಗೆ ಅಳಿಸುವ ಸೌಕರ್ಯವಿರಲಿಲ್ಲವಷ್ಟೆ.

ಕೇಶಿರಾಜನು ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆದಾಗ ನಿಯಮಗಳನ್ನು ಶೂನ್ಯದಿಂದ ಸೃಷ್ಟಿಸಲಿಲ್ಲ, ತನಗಿಂತ ಹಿಂದಿನ ಕವಿಗಳ ಪ್ರಯೋಗಗಳನ್ನು ಕಲೆಹಾಕಿ, ಅವುಗಳಲ್ಲಿ ಅಡಗಿದ್ದ ನಿಯಮವನ್ನು ತೋರಿಸಿದನು. ಗ್ರಂಥದ ಆರಂಭದಲ್ಲಿಯೇ ಅವನು ವ್ಯಾಕರಣದಿಂದ ಪದಕ್ಕೆ, ಪದದಿಂದ ಅರ್ಥಕ್ಕೆ, ಅರ್ಥದಿಂದ ತತ್ತ್ವಕ್ಕೆ ಮೆಟ್ಟಿಲು ಕಟ್ಟಿ, ಕಡೆಗೆ ಮುಕ್ತಿಯವರೆಗೆ ಏರಿಸುತ್ತಾನೆ. ಮೊದಲ ಸಲ ಪಾಠದಲ್ಲಿ ಕೇಳಿದಾಗ ನಮಗೆ ಅದು ಅತಿಶಯವಾಗಿ ಕಂಡಿತು. ಮುಕ್ತಿಯ ಮಾತು ನನಗೆ ತಿಳಿಯದು. ಐದು ಸೆಂಟಿನವರೆಗಂತೂ ಆ ಮೆಟ್ಟಿಲು ಗಟ್ಟಿಯೇ. ನಮ್ಮ ಕಾಲದಲ್ಲಿ ಡಿ. ಎನ್. ಶಂಕರ ಭಟ್ಟರಂಥ ವಿದ್ವಾಂಸರು, ಕನ್ನಡ ವ್ಯಾಕರಣ ಸಂಸ್ಕೃತದ ಅಚ್ಚಿನಲ್ಲಿ ಎರಕವಾಗಿದೆ, ಕನ್ನಡಕ್ಕೆ ತನ್ನದೇ ವ್ಯಾಕರಣ ಬೇಕು ಎಂದು ವಾದಿಸಿದ್ದಾರೆ. ‘ಹೊಲದವರು’ ಎಂಬಲ್ಲಿಯ ಉಕಾರ ವಿಭಕ್ತಿಪ್ರತ್ಯಯವೇ ಅಲ್ಲ, ಉಚ್ಚಾರಣೆಯ ಅನುಕೂಲಕ್ಕೆ ಬಂದ ಸ್ವರ ಎನ್ನುವ ಭಾಷಾಶಾಸ್ತ್ರಜ್ಞರೂ ಇದ್ದಾರೆ. ಪ್ರತ್ಯಯವೋ ಬರಿಯ ಸ್ವರವೋ ಪಂಡಿತರು ನಿರ್ಣಯಿಸಲಿ; ಅದು ಅಲ್ಲಿ ಇರಬೇಕಾಗಿತ್ತು, ಇರಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ವ್ಯಾಕರಣದ ಹೆಸರಿನಲ್ಲಿ ನಮ್ಮ ಹಳ್ಳಿಯ ಮಾತನ್ನು ಹಳಿಯುವವರಿದ್ದಾರೆ. ಅವರ ಮಾತು ನನಗೆ ಒಪ್ಪಿಗೆಯಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಕರೆಯಿತು. ಕೊಪ್ಪಳವೂ ಲಕ್ಷ್ಮೇಶ್ವರವೂ ನಮಗೆ ತುಂಗಭದ್ರೆಯ ಆಚೆಗೆ. ಹೊಳೆಯ ಈಚೆಗಿದ್ದುದರಿಂದ ನಾವು ತಿರುಳಿನಿಂದ ಸ್ವಲ್ಪದರಲ್ಲಿ ತಪ್ಪಿಸಿಕೊಂಡೆವು! ಆದರೆ ಅದೇ ಗ್ರಂಥವೇ ಕನ್ನಡಗಳು ಹಲವೆಂಬುದನ್ನೂ ಬಲ್ಲದು. ನಮ್ಮ ಅವ್ವ ಶಾಲೆಗೆ ಹೋದವಳಲ್ಲ. ಆದರೂ ಅವಳು ‘ಆಕಿ ಬಂದಾನ’ ಎಂದು ಎಂದಿಗೂ ತಪ್ಪಿ ಆಡಳು. ಲಿಂಗ, ವಚನ, ಕಾಲ ಎಲ್ಲವೂ ಅವಳ ನಾಲಗೆಯಲ್ಲಿ ನೆಟ್ಟಗಿವೆ. ‘ಬಂದಿದ್ದಾನೆ’ ಎಂದು ಪುಸ್ತಕ ಉದ್ದವಾಗಿ ಹೇಳುವುದನ್ನು ಅವಳು ‘ಬಂದಾನ’ ಎಂದು ಚಿಕ್ಕದಾಗಿ ಹೇಳಿ ಮುಗಿಸುತ್ತಾಳೆ. ಹಳ್ಳಿಯ ಮಾತಿಗೆ ವ್ಯಾಕರಣವಿಲ್ಲವೆಂಬುದು ತಿಳಿಯದವರ ಮಾತು.

ತೊಡಕು ಬರುವುದು ಒಂದು ವ್ಯಾಕರಣದಿಂದ ಇನ್ನೊಂದಕ್ಕೆ ದಾಟುವ ಹೊಸಿಲಿನಲ್ಲಿ. ನಮ್ಮ ಮಾತಿನ ‘ಬಾಕಿ ಕೊಟ್ಟಾನ’ ಎಂದರೆ ಕೊಟ್ಟಿದ್ದಾನೆ, ಲೆಕ್ಕ ಚುಕ್ತಾ. ಇದನ್ನೇ ಬರೆಯುವಾಗ ‘ಪುಸ್ತಕದ ಭಾಷೆ ಮಾಡೋಣ’ ಎಂದು ಯಾರಾದರೂ ಒಂದು ಕೊಂಬು ಸೇರಿಸಿ ‘ಬಾಕಿ ಕೊಟ್ಟಾನು’ ಎಂದರೆ, ಅದು ಸಂಭಾವನಾರ್ಥಕ. ಕೊಟ್ಟರೂ ಕೊಡಬಹುದು, ಇನ್ನೂ ಕೊಟ್ಟಿಲ್ಲ ಎಂದಾಗುತ್ತದೆ. ನನ್ನ ಅರ್ಜಿಯಲ್ಲಿ ಕೊಂಬು ಇಲ್ಲದೆ ಕೆಟ್ಟಿತು. ಇಲ್ಲಿ ಕೊಂಬು ಇದ್ದು ಕೆಡುತ್ತದೆ. ಎರಡೂ ಮನೆಯ ಪದ್ಧತಿ ತಿಳಿದ ಸೊಸೆಯಂತೆ, ಎರಡೂ ಕನ್ನಡದ ಕಟ್ಟು ತಿಳಿದವರಿಗೆ ಮಾತ್ರ ಈ ಹೊಸಿಲು ಎಡವುವುದಿಲ್ಲ. ಈಗ ಮೊಬೈಲಿಗೆ ಮಾತು ಹೇಳಿದರೆ ತಾನೇ ಬರೆದುಕೊಡುತ್ತದೆ. ನಮ್ಮ ಓಣಿಯ ಹುಡುಗರು ಅರ್ಜಿಗಳನ್ನೂ ಹಾಗೆಯೇ ಬರೆಸುತ್ತಾರೆ. ಅದು ಕೇಳಿಸಿದ್ದನ್ನು ಬರೆಯುತ್ತದೆ. ನುಂಗಿದ ಉಕಾರ ಹೊಲದವರದೋ ಹೊಲದವರೋ ಎಂದು ಅದು ನಮ್ಮನ್ನು ಕೇಳುವುದಿಲ್ಲ.

ತಪ್ಪು ಬರೆಯುವುದು ನಮ್ಮಂಥವರ ಕಷ್ಟವಾದರೆ, ಕಚೇರಿಯ ಕನ್ನಡಕ್ಕೆ ಬೇರೊಂದು ಕಲೆ ಕೈವಶವಾಗಿದೆ. ‘ಪರಿಶೀಲಿಸಲಾಗಿದೆ’, ‘ಕ್ರಮ ಕೈಗೊಳ್ಳಲಾಗುವುದು’, ‘ತಿರಸ್ಕರಿಸಲಾಗಿದೆ’. ಇವುಗಳಲ್ಲಿ ವ್ಯಾಕರಣದ ತಪ್ಪು ಎಳ್ಳಷ್ಟೂ ಇಲ್ಲ. ಆದರೆ ಪರಿಶೀಲಿಸಿದವರು ಯಾರು, ಕ್ರಮ ಕೈಗೊಳ್ಳುವವರು ಯಾರು? ಕರ್ಮಣಿ ಪ್ರಯೋಗದ ಮರೆಯಲ್ಲಿ ಕರ್ತೃ ಮಾಯ. ‘ಸದರಿಯವರು’, ‘ಮೇಲ್ಕಂಡವರು’ ಎಂದು ಬರೆದರೆ ಮೇಲೆ ಕಂಡ ನಾಲ್ವರಲ್ಲಿ ಯಾವನೆಂದು ಹುಡುಕುತ್ತ ಕೂರಬೇಕು. ಕರ್ತರಿ, ಕರ್ಮಣಿಗಳನ್ನು ನಾವು ಕಲಿತದ್ದು ಎರಡು ಅಂಕಗಳಿಗಾಗಿ. ಆದರೆ ಹಿಂಬರಹವನ್ನು ಕೈಯಲ್ಲಿ ಹಿಡಿದು ‘ಇದನ್ನು ತಿರಸ್ಕರಿಸಿದ ಅಧಿಕಾರಿ ಯಾರು ಸ್ವಾಮಿ? ಅವರ ಪದನಾಮ ಬರೆದುಕೊಡಿ’ ಎಂದು ಕೇಳುವ ಧೈರ್ಯ ಬರಬೇಕಾದರೆ, ವಾಕ್ಯದಲ್ಲಿ ಏನಿಲ್ಲವೆಂಬುದು ಮೊದಲು ಕಾಣಬೇಕು. ಇದ್ದ ಪದದ ಅರ್ಥವನ್ನು ನಿಘಂಟು ಹೇಳುತ್ತದೆ. ಇಲ್ಲದ ಪದವನ್ನು ವ್ಯಾಕರಣವೊಂದೇ ಹುಡುಕಿಕೊಡುತ್ತದೆ.

ಬರಹದ ಕೊರತೆಗೆ ದಂಡ ತೆರುವವರು ನಾವು ಮಾತ್ರವೇ ಅಲ್ಲ. ಅಮೆರಿಕದ ಮೇಯ್ನ್ ರಾಜ್ಯದ ಓಕ್‌ಹರ್ಸ್ಟ್ ಎಂಬ ಹಾಲಿನ ಸಂಸ್ಥೆಯ ವಾಹನ ಚಾಲಕರು ಹೆಚ್ಚುವರಿ ದುಡಿಮೆಯ ಕೂಲಿಗಾಗಿ ಕೋರ್ಟಿಗೆ ಹೋದರು. ಯಾವ ಯಾವ ಕೆಲಸಗಳಿಗೆ ಆ ಕೂಲಿ ಇಲ್ಲವೆಂದು ಅಲ್ಲಿನ ಕಾನೂನಿನಲ್ಲಿ ಒಂದು ಪಟ್ಟಿಯಿತ್ತು. ಪಟ್ಟಿಯ ಕೊನೆಯಲ್ಲಿ ಒಂದು ಅಲ್ಪವಿರಾಮವಿರಲಿಲ್ಲ. ಆದ್ದರಿಂದ ‘ಸಾಗಣೆಗೋ ವಿತರಣೆಗೋ ಸರಕನ್ನು ಕಟ್ಟುವುದು’ ಎಂಬ ಒಂದೇ ಕೆಲಸವೋ, ‘ಕಟ್ಟುವುದು’ ಮತ್ತು ‘ವಿತರಿಸುವುದು’ ಎಂಬ ಎರಡು ಕೆಲಸಗಳೋ ತಿಳಿಯದಾಯಿತು. ಚಾಲಕರು ವಿತರಿಸುವವರು, ಕಟ್ಟುವವರಲ್ಲ. 2017ರಲ್ಲಿ ಮೇಲ್ಮನವಿಯ ನ್ಯಾಯಾಲಯ ಸಂದೇಹದ ಲಾಭವನ್ನು ಚಾಲಕರಿಗೆ ಕೊಟ್ಟಿತು. 2018ರಲ್ಲಿ ಸಂಸ್ಥೆ 50 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಅಲ್ಪವಿರಾಮಕ್ಕೆ ಅಲ್ಪವೆಂದು ಹೆಸರಿಟ್ಟವರು ಯಾರೋ!

ನಮ್ಮ ತರಗತಿಯ ಕೆಲವರು ನಾಳೆ ಗ್ರಾಮ ಆಡಳಿತ ಅಧಿಕಾರಿಗಳಾಗುವರು, ಕೆಲವರು ಠಾಣೆಯಲ್ಲಿ ದೂರು ಬರೆದುಕೊಳ್ಳುವ ಪೇದೆಗಳಾಗುವರು, ಕೆಲವರು ಶಾಲೆಯಲ್ಲಿ ಪಾಠ ಹೇಳುವರು. ಔಷಧದ ಅಂಗಡಿಯಲ್ಲಿ ನಿಲ್ಲುವವರೂ ಇರಬಹುದು. ‘ಮೂರು ಹೊತ್ತಿಗೆ ಎರಡು ಮಾತ್ರೆ’ ಎಂದು ಚೀಟಿಯ ಮೇಲೆ ಬರೆಯುವುದೂ ‘ಮೂರು ಹೊತ್ತೂ ಎರಡೆರಡು ಮಾತ್ರೆ’ ಎಂದು ಬರೆಯುವುದೂ ಒಂದೇ ಅಲ್ಲ. ದ್ವಿರುಕ್ತಿಯೆಂದು ನಾವು ಗಿಳಿಪಾಠ ಮಾಡಿದ್ದು ಅಲ್ಲಿ ರೋಗಿಯ ಹೊಟ್ಟೆಗೆ ಹೋಗುತ್ತದೆ. ಈ ಚೀಟಿಗಳನ್ನು ಓದುವವರು ಬಹುಮಟ್ಟಿಗೆ ನಮ್ಮ ಅಪ್ಪ ಅವ್ವಂದಿರಂಥವರು, ಅಥವಾ ಅವರಿಗಾಗಿ ಓದಿ ಹೇಳುವ ಹೈಸ್ಕೂಲಿನ ಮಕ್ಕಳು.

ನಮ್ಮ ಹೊಲದ ಕಥೆ ಎಲ್ಲಿಗೆ ಬಂತೆಂದು ಹೇಳದಿದ್ದರೆ ತಪ್ಪಾದೀತು. ಎರಡನೆಯ ಅರ್ಜಿಯನ್ನು ಬರೆಯುವ ಮುನ್ನ ನಾನು ನಮ್ಮ ಕನ್ನಡ ಅಧ್ಯಾಪಕರ ಬಳಿ ಹೋದೆ. ಅವರು ತಿದ್ದಿಕೊಡಲಿಲ್ಲ. ಪ್ರತಿ ಕ್ರಿಯಾಪದದ ಕೆಳಗೂ ಗೆರೆ ಎಳೆಯಿಸಿ, ‘ಇದನ್ನು ಮಾಡಿದವರು ಯಾರು? ಬರೆ’ ಎಂದರು. ಒಂದು ವಾಕ್ಯ ಎರಡಾಯಿತು: ‘ನಮ್ಮ ಪಕ್ಕದ ಹೊಲದವರು ನಮ್ಮ ಹೊಲದಲ್ಲಿ ಐದು ಸೆಂಟು ಜಾಗವನ್ನು ಒತ್ತುವರಿ ಮಾಡಿದ್ದಾರೆ. ನಾವು ಆ ಜಾಗದ ಅಳತೆಯನ್ನು ಕೋರುತ್ತೇವೆ.’ ಕೃದಂತವೂ ಇಲ್ಲ, ಗೊಂದಲವೂ ಇಲ್ಲ, ಅಂದವೂ ಅಷ್ಟಕ್ಕಷ್ಟೆ. ಮುಂದಿನ ಬೇಸಗೆಯಲ್ಲಿ ಭೂಮಾಪಕರು ಬಂದು ಅಳೆದರು. ಐದರಲ್ಲಿ ಮೂರು ಸೆಂಟು ನಮ್ಮದಾಯಿತು. ಉಳಿದೆರಡು ಸೆಂಟು ಅಪ್ಪನ ಲೆಕ್ಕದ ತಪ್ಪು. ಕಲ್ಲು ನೆಟ್ಟರು. ಮಾವನವರೂ ಅಪ್ಪನೂ ಒಂದು ವರ್ಷ ಮಾತು ಬಿಟ್ಟಿದ್ದರು.

ಹೋದ ದೀಪಾವಳಿಯ ಮಾರನೆಯ ವಾರ ಮಾವನವರು ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತರು. ಅವರ ಅಣ್ಣತಮ್ಮಂದಿರ ಭಾಗದ ವಿಷಯದಲ್ಲಿ ಒಂದು ಅರ್ಜಿ ಬೇಕಾಗಿತ್ತು. ಅವ್ವ ಚಹಾ ತಂದಿಟ್ಟು ನನಗೆ ಕಣ್ಸನ್ನೆ ಮಾಡಿದಳು. ನಾನು ಹಾಳೆ ತೆಗೆದುಕೊಂಡೆ. ಅವರು ಚಹಾದ ಬಸಿಯನ್ನು ಕೆಳಗಿಟ್ಟು, ಹಾಳೆಯನ್ನೇ ನೋಡುತ್ತ, ‘ಯಾರು ಏನ್ ಮಾಡ್ಯಾರ ಅಂಬೋದನ್ನ ಬಿಡಿಸಿ ಬರಿಯವ್ವಾ’ ಎಂದರು.